ಕುರ್ಚಿ ತರುವ ಮೊದಲು ಜಾಗ ಖಾಲಿ ಮಾಡಿ

ಪ್ರಶ್ನೆ: ನಾವು ಗೋದಾಮುಗಳ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಎರಡು ವರ್ಷದ ಹಿಂದೆ 15 ಜನ ಇದ್ದೆವು, ಈಗ 70 ಜನ. ಅದರಲ್ಲಿ 28 ಎಂಜಿನಿಯರ್‌ಗಳು. ಮುಂದೆ ಏನು ಮಾಡಬೇಕು ಅಂತ ಇವತ್ತಿಗೂ ಸಂಸ್ಥಾಪಕರೇ ಹೇಳುತ್ತಾರೆ. ಸೇಲ್ಸ್‌ನವರು ಗ್ರಾಹಕರಿಗೆ ಮಾತು ಕೊಟ್ಟು ಬರುತ್ತಾರೆ, ನಾವು ಅದರ ಹಿಂದೆ ಓಡುತ್ತೇವೆ. ಈಗ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್, ಅಂದರೆ ಏನನ್ನು ಯಾವಾಗ ಮಾಡಬೇಕು ಅಂತ ನೋಡಿಕೊಳ್ಳುವ ಪ್ರತ್ಯೇಕ ವಿಭಾಗ, ಶುರು ಮಾಡೋಣ ಅಂತ ತೀರ್ಮಾನವಾಗಿದೆ. ದೊಡ್ಡ ಕಂಪನಿಯಿಂದ ಅನುಭವಿ ಮುಖ್ಯಸ್ಥರನ್ನು ಕರೆತರಬೇಕಾ? ಒಳಗಿನವರನ್ನೇ ಬೆಳೆಸಬೇಕಾ? ನನ್ನ ಎಂಜಿನಿಯರ್‌ಗಳಿಗೋ ‘ಇನ್ನೊಬ್ಬ ಬಾಸ್ ಬಂದ’ ಎಂಬ ಅನುಮಾನ. ಎಲ್ಲಿಂದ ಶುರು ಮಾಡಲಿ?
— ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುವ ಓದುಗರೊಬ್ಬರು

ಉತ್ತರ:

ಯಾರನ್ನು ತರಬೇಕು ಅಂತ ಕೇಳಿದ್ದೀರಿ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನೀವೇ ನಿಮ್ಮ ಸಂಸ್ಥಾಪಕರನ್ನು ಒಂದು ಮಾತು ಕೇಳಬೇಕು: ‘ಆ ವ್ಯಕ್ತಿ ಸೋಮವಾರ ಕೆಲಸಕ್ಕೆ ಬಂದರೆ, ಅವತ್ತಿನಿಂದ ನೀವು ಯಾವ ಕೆಲಸ ಬಿಡುತ್ತೀರಿ?’ ಇದಕ್ಕೆ ಉತ್ತರ ಇಲ್ಲದಿದ್ದರೆ ಯಾರನ್ನು ತಂದರೂ ಒಂದೇ.

ಇದನ್ನು ನಾನು ಕಷ್ಟಪಟ್ಟೇ ಕಲಿತದ್ದು. ಹೆಚ್ಚುಕಡಿಮೆ ನಿಮ್ಮಷ್ಟೇ ದೊಡ್ಡ ಕಂಪನಿಯೊಂದಕ್ಕೆ ನಾನು ಮೊದಲ ಪ್ರಾಡಕ್ಟ್ ಮ್ಯಾನೇಜರ್ ಆಗಿ ಸೇರಿದ್ದೆ. ಮೂರು ತಿಂಗಳು ಕೂತು ಒಂದು ರೋಡ್‌ಮ್ಯಾಪ್, ಅಂದರೆ ಯಾವ ಕೆಲಸ ಯಾವಾಗ ಎಂಬ ಯೋಜನೆ, ಮಾಡಿದೆ. ಬಣ್ಣ ಬಣ್ಣದ ಪಟ್ಟಿಗಳು, ಮೂರು ತಿಂಗಳಿಗೊಂದು ಗುರಿ, ಎಲ್ಲ ಇತ್ತು. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದರು. ನಾಲ್ಕನೇ ತಿಂಗಳು ಒಬ್ಬ ದೊಡ್ಡ ಗ್ರಾಹಕರು ಸಂಸ್ಥಾಪಕರಿಗೆ ನೇರವಾಗಿ ಫೋನ್ ಮಾಡಿದರು. ‘ಎರಡು ವಾರದಲ್ಲಿ ಕೊಡ್ತೀವಿ’ ಅಂತ ಇವರು ಅಲ್ಲೇ ಒಪ್ಪಿಕೊಂಡರು. ಸಂಜೆಯೊಳಗೆ ಆರು ಎಂಜಿನಿಯರ್‌ಗಳು ಆ ಕೆಲಸಕ್ಕೆ ಕೂತಿದ್ದರು. ನನಗೆ ಗೊತ್ತಾದದ್ದು ಮಾರನೇ ದಿನ.

ತುಂಬಾ ದಿನ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಅರ್ಥವಾಯಿತು. ತೀರ್ಮಾನ ಮಾಡುವ ಅಧಿಕಾರವನ್ನು ಅವರು ನನಗೆ ಯಾವತ್ತೂ ಕೊಟ್ಟಿರಲೇ ಇಲ್ಲ. ಕೊಡಿ ಅಂತ ನಾನೂ ಕೇಳಿರಲಿಲ್ಲ. ತಾವು ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದಿಟ್ಟು ಮಾಡಿಸುವ ಒಬ್ಬರು ಬಂದಿದ್ದಾರೆ ಅಂತ ಅವರು ತಿಳಿದಿದ್ದರು. ಏನು ಮಾಡಬೇಕು ಅಂತ ತೀರ್ಮಾನಿಸಲು ಬಂದಿದ್ದೇನೆ ಅಂತ ನಾನು ತಿಳಿದಿದ್ದೆ. ಇಬ್ಬರದ್ದೂ ಪ್ರಾಮಾಣಿಕ ತಿಳಿವಳಿಕೆಯೇ. ಎರಡನ್ನೂ ಎದುರಾಬದುರು ಇಟ್ಟು ಮಾತಾಡಿಕೊಂಡಿರಲಿಲ್ಲ, ಅಷ್ಟೇ.

ಹಾಗಾದರೆ ಈ ಕೆಲಸ ಏನು? ಇದರ ಮೂಲ ಹುಡುಕಿದರೆ ಸಾಫ್ಟ್‌ವೇರ್‌ಗಿಂತ ಹಿಂದಕ್ಕೆ, ಸೋಪಿನ ತನಕ ಹೋಗಬೇಕಾಗುತ್ತದೆ. 1931ರಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬ ಯುವಕ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದರು. ಅದೇ ಕಂಪನಿಯ ಐವರಿ ಸೋಪಿನ ನೆರಳಿನಲ್ಲಿ ಕ್ಯಾಮೇ ಸೊರಗುತ್ತಿತ್ತು. ಆಗ ಅವರು ಇನ್ನಷ್ಟು ಜನ ಬೇಕು ಅಂತ 3 ಪುಟದ ಟಿಪ್ಪಣಿ ಬರೆದರು. ಅಂದರೆ ಈ ವೃತ್ತಿ ಹುಟ್ಟಿದ್ದೇ ಜನ ಕೊಡಿ ಅಂತ ಕೇಳುವ ಅರ್ಜಿಯಲ್ಲಿ! ಒಂದು ಬ್ರಾಂಡ್‌ನ ಪೂರ್ತಿ ಹೊಣೆ ಒಂದು ತಂಡಕ್ಕೆ ಇರಲಿ ಎಂಬುದು ಅದರ ತಿರುಳು. ಎಲ್ಲಿ ಮಾರಾಟ ಕುಂಟುತ್ತಿದೆಯೋ ಆ ಜಾಗಕ್ಕೇ ಹೋಗಿ, ಅಂಗಡಿಯವರನ್ನೂ ಬಳಸುವವರನ್ನೂ ನೇರವಾಗಿ ಕಂಡು, ತೊಂದರೆ ಏನು ಅಂತ ತಿಳಿದುಕೊಳ್ಳಬೇಕು ಎಂಬ ಮಾತೂ ಅದರಲ್ಲಿದೆ. ಇಷ್ಟು ವರ್ಷದ ಮೇಲೂ ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕಂಡಿಲ್ಲ. (ಆ ಟಿಪ್ಪಣಿ ಬರೆದವರು ಮುಂದೆ ಅದೇ ಕಂಪನಿಯ ಅಧ್ಯಕ್ಷರಾದರು. 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದರು. ನಿಮ್ಮ ಮೊದಲ ಪ್ರಾಡಕ್ಟ್ ಮ್ಯಾನೇಜರ್‌ಗೆ ಇಷ್ಟು ಭರವಸೆ ಕೊಡಬೇಡಿ.)

ಈಗ ಅಧಿಕಾರ ಬಿಟ್ಟುಕೊಡುವ ಮಾತಿಗೆ ಬರೋಣ. ಸುಮ್ನೆ ‘ಇನ್ನು ಮುಂದೆ ನೀವೇ ನೋಡಿಕೊಳ್ಳಿ’ ಅಂದರೆ ಏನೂ ಬದಲಾಗುವುದಿಲ್ಲ. ಒಂದು ಮಧ್ಯಾಹ್ನ ನೀವು ಮತ್ತು ಸಂಸ್ಥಾಪಕರು ಕೂತು, ಕಳೆದ ಆರು ತಿಂಗಳಲ್ಲಿ ಪ್ರಾಡಕ್ಟ್ ಬಗ್ಗೆ ಆದ ತೀರ್ಮಾನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬಾರ್‌ಕೋಡ್ ಸ್ಕ್ಯಾನರ್ ಬದಲಿಸಿದ್ದು, ವಾಪಸ್ ಬಂದ ಮಾಲಿನ ವಿಭಾಗ ಮುಂದಕ್ಕೆ ಹಾಕಿದ್ದು, ಒಬ್ಬ ಗ್ರಾಹಕರಿಗೋಸ್ಕರವೇ ಪ್ರತ್ಯೇಕ ವರದಿ ಮಾಡಿಕೊಟ್ಟದ್ದು, ಹೀಗೆ. ಪ್ರತಿಯೊಂದರ ಮುಂದೆ ತೀರ್ಮಾನ ಮಾಡಿದ್ದು ಯಾರು, ಯಾವ ಆಧಾರದ ಮೇಲೆ ಅಂತ ಬರೆಯಿರಿ. ಇಪ್ಪತ್ತು ಮೂವತ್ತು ಸಾಲು ಆಗುತ್ತದೆ. ಅರ್ಧಕ್ಕೆ ಆಧಾರದ ಜಾಗ ಖಾಲಿ ಉಳಿಯುತ್ತದೆ, ನೋಡಿ ಬೇಕಾದರೆ.

ಹಾಳೆ ತುಂಬಿದ ಮೇಲೆ ಅದರಲ್ಲಿ ಮೂರು ಜಾತಿ ಕಾಣುತ್ತದೆ. ಯಾವ ಮಾರುಕಟ್ಟೆಗೆ ಇಳಿಯಬೇಕು, ಬೆಲೆ ಎಷ್ಟು, ಯಾವ ದೊಡ್ಡ ಒಪ್ಪಂದಕ್ಕೆ ಕೈ ಹಾಕಬೇಕು ಎಂಬಂಥ ಪಣಗಳು ಒಂದು ಜಾತಿ. ಇವು ಸಂಸ್ಥಾಪಕರ ಹತ್ತಿರವೇ ಇರಲಿ. ಒಂದು ಕೆಲಸವನ್ನು ಹೇಗೆ ಕಟ್ಟಬೇಕು, ಎಷ್ಟು ದಿನ ಹಿಡಿಯುತ್ತದೆ ಎಂಬುದು ಇನ್ನೊಂದು. ಅದು ನಿಮ್ಮ ಎಂಜಿನಿಯರ್‌ಗಳದ್ದು. ಇವೆರಡರ ನಡುವಿನದು ಮೂರನೆಯದು: ಮುಂದಿನ ಮೂರು ತಿಂಗಳಲ್ಲಿ ಯಾರ ಯಾವ ತೊಂದರೆಯನ್ನು ಮೊದಲು ಬಗೆಹರಿಸಬೇಕು, ಯಾವುದನ್ನು ಬಿಡಬೇಕು. ಕೈ ಬದಲಾಗಬೇಕಾದದ್ದು ಇದೊಂದೇ. ಇಷ್ಟು ಚಿಕ್ಕದಾಗಿ ಕತ್ತರಿಸಿ ಕೇಳಿದರೆ ಸಂಸ್ಥಾಪಕರೂ ಅಷ್ಟು ಹೆದರುವುದಿಲ್ಲ. ಅವರಿಗೆ ಕಂಪನಿ ಅಂದರೆ ತಾವೇ ಸಾಕಿದ ಮಗು, ಅಲ್ವಾ? ‘ಪ್ರಾಡಕ್ಟ್ ಬಿಟ್ಟುಕೊಡಿ’ ಅಂದರೆ ಯಾರಾದರೂ ತಬ್ಬಿಕೊಂಡೇ ಕೂರುತ್ತಾರೆ.

ಅದನ್ನೂ ಒಮ್ಮೆಲೇ ಎಲ್ಲ ಕೇಳಬೇಡಿ. ಒಂದು ಭಾಗ ಆರಿಸಿ, ಉದಾಹರಣೆಗೆ ವಾಪಸ್ ಬಂದ ಮಾಲಿನ ವಿಭಾಗ. ಅದನ್ನು ಪೂರ್ತಿಯಾಗಿ ಒಬ್ಬರ ಕೈಗೆ ಕೊಡಿ. ಮೂರು ತಿಂಗಳು ಸಂಸ್ಥಾಪಕರು ಅದರಲ್ಲಿ ಕೈ ಆಡಿಸದೆ ಇದ್ದರೆ ಎರಡನೆಯ ಭಾಗದ ಮಾತು. ಇಲ್ಲಿ ಒಂದು ಕಟ್ಟುಪಾಡು ಮಾತ್ರ ಗಟ್ಟಿಯಾಗಿರಲಿ. ತೀರ್ಮಾನ ತಿರುಗಿಸುವ ಹಕ್ಕು ಸಂಸ್ಥಾಪಕರಿಗೆ ಯಾವಾಗಲೂ ಇದೆ. ಆದರೆ ಅವರು ಅದನ್ನು ಪ್ರಾಡಕ್ಟ್ ಮ್ಯಾನೇಜರ್‌ಗೆ ಮೊದಲು ಹೇಳಬೇಕು, ಕಾರಣ ಕೊಟ್ಟು ಹೇಳಬೇಕು. ಎಂಜಿನಿಯರ್ ಮೇಜಿನ ಹತ್ತಿರ ಹೋಗಿ ‘ಇದೊಂದು ಸಣ್ಣದು, ಸ್ವಲ್ಪ ನೋಡಿ’ ಅನ್ನುವಂತಿಲ್ಲ. ಈ ‘ಸ್ವಲ್ಪ ನೋಡಿ’ ಇದೆಯಲ್ಲ, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸಾಯುವುದು ಅಲ್ಲಿ. ಮಾಲೀಕರು ಎದುರಿಗೆ ನಿಂತು ಕೇಳಿದರೆ ಇಪ್ಪತ್ತೈದು ವರ್ಷದ ಹುಡುಗಿ ಆಗಲ್ಲ ಅಂತಾಳಾ? ಅವಳಿಗೆ ಒಂದು ವಾಕ್ಯ ನೀವೇ ಹೇಳಿಕೊಡಿ: ‘ಖಂಡಿತ, ಪ್ರಾಡಕ್ಟ್ ಮ್ಯಾನೇಜರ್‌ಗೊಂದು ಮಾತು ಹೇಳಿ ಶುರು ಮಾಡ್ತೀನಿ.’ ಅವಳು ಹಾಗಂದಾಗ ಸಂಸ್ಥಾಪಕರಿಗೆ ಬೇಸರವಾಗಬಾರದು ಅಂದರೆ ಈ ಮಾತು ಅವರೆದುರೇ ಮೊದಲು ಆಗಿರಬೇಕು.

ಈಗ, ಯಾರು? ನನ್ನ ಒಲವು ಒಳಗಿನವರ ಕಡೆ. ಒಳಗೆ ಸಿಗದಿದ್ದರೆ ಕೈ ಕೆಸರು ಮಾಡಿಕೊಂಡು ಕೆಲಸ ಮಾಡಿದ ಮಧ್ಯಮ ಅನುಭವದ ಒಬ್ಬರು. ದೊಡ್ಡ ಕಂಪನಿಯ ಮುಖ್ಯಸ್ಥರನ್ನು ಮೊದಲಿಗೇ ತರುವುದು ಬೇಡ. ಅವರು ಕಡಿಮೆ ಅಂತಲ್ಲ. ಅವರು ಬೆಳೆದ ಜಾಗದಲ್ಲಿ ಅಂಕಿಅಂಶ ತೆಗೆದುಕೊಡಲು ಒಂದು ತಂಡ, ಗ್ರಾಹಕರನ್ನು ಮಾತಾಡಿಸಲು ಇನ್ನೊಂದು ತಂಡ ಇರುತ್ತಿತ್ತು. ನಿಮ್ಮಲ್ಲಿ ಸಪೋರ್ಟ್ ಟಿಕೆಟ್‌ಗಳನ್ನು, ಅಂದರೆ ಗ್ರಾಹಕರು ಬರೆದು ಕಳಿಸುವ ದೂರುಗಳನ್ನು, ಅವರೇ ಕೂತು ಓದಬೇಕು. ಕೆಲವರು ಖುಷಿಯಿಂದ ಓದುತ್ತಾರೆ. ಹಲವರು ಬಂದ ಎರಡನೇ ತಿಂಗಳಿಗೇ ನನಗೆ ನಾಲ್ಕು ಜನ ಬೇಕು ಅನ್ನುತ್ತಾರೆ.

ಒಳಗಿನವರಲ್ಲಿ ನಾನು ಮೊದಲು ನೋಡುವುದು ಸಪೋರ್ಟ್ ವಿಭಾಗವನ್ನು. ಗ್ರಾಹಕರ ಜಾಗಕ್ಕೆ ಹೋಗಿ ಸಾಫ್ಟ್‌ವೇರ್ ಕೂರಿಸಿ ಬರುವವರನ್ನೂ ನೋಡುತ್ತೇನೆ. ಯಾವ ಸ್ಕ್ರೀನ್‌ನಲ್ಲಿ ಜನ ಎಡವುತ್ತಾರೆ ಅಂತ ಅವರಿಗೆ ಕಣ್ಣುಮುಚ್ಚಿದರೂ ಗೊತ್ತು. ಆಮೇಲೆ, ‘ಇದು ಯಾಕೆ ಬೇಕು?’ ಅಂತ ಪದೇಪದೇ ಕೇಳಿ ನಿಮ್ಮ ತಲೆ ತಿನ್ನುವ ಎಂಜಿನಿಯರ್ ಯಾರಾದರೂ ಇದ್ದಾರಾ ನೋಡಿ. ನಿಮ್ಮ ಅತ್ಯುತ್ತಮ ಎಂಜಿನಿಯರ್‌ಗೆ ಬಡ್ತಿ ಅಂತ ಈ ಹುದ್ದೆ ಕೊಡಬೇಡಿ. ಒಬ್ಬ ಒಳ್ಳೆಯ ಎಂಜಿನಿಯರ್ ಹೋಗುತ್ತಾರೆ, ಮನಸ್ಸಿಲ್ಲದ ಒಬ್ಬ ಪ್ರಾಡಕ್ಟ್ ಮ್ಯಾನೇಜರ್ ಬರುತ್ತಾರೆ. ಒಳಗಿನವರನ್ನು ಆರಿಸುವುದರಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಿನ್ನೆಯವರೆಗೆ ಹೇಳಿದ್ದು ಮಾಡುತ್ತಿದ್ದವರು ಇವತ್ತು ಬೇಡ ಅಂದರೆ ಸಂಸ್ಥಾಪಕರ ಕಿವಿಗೆ ಅದು ಬೀಳುವುದೇ ಇಲ್ಲ. ಅದಕ್ಕೆ ಹೊರಗಿನ ಒಬ್ಬ ಅನುಭವಿಯನ್ನು ತಿಂಗಳಿಗೆರಡು ಸಲ ಮಾರ್ಗದರ್ಶನಕ್ಕೆ ಕರೆಸಿ. ಆ ಮುಖ್ಯಸ್ಥರ ಅನುಭವವೂ ನಿಮಗೆ ಸಿಕ್ಕಿದ ಹಾಗಾಯಿತು.

ಗೂಗಲ್‌ನಲ್ಲಿ 2002ರಲ್ಲಿ ಮರಿಸ್ಸಾ ಮೇಯರ್ ಆಗಷ್ಟೇ ಓದು ಮುಗಿಸಿದವರನ್ನು ಸೇರಿಸಿಕೊಂಡು ಪ್ರಾಡಕ್ಟ್ ಮ್ಯಾನೇಜರ್‌ಗಳನ್ನಾಗಿ ಬೆಳೆಸುವ ಕಾರ್ಯಕ್ರಮ ಶುರು ಮಾಡಿದರು. ಅದನ್ನು ನೋಡಿ ಹೊಸಬರನ್ನು ತಂದು ಬಿಡುವ ಆಸೆ ಬೇಡ. ಅಲ್ಲಿ ಕಲಿಸಲು ಹಿರಿಯರಿದ್ದರು. ನಿಮ್ಮಲ್ಲಿ ಆ ಹೊಸಬರು ಯಾರನ್ನು ನೋಡಿ ಕಲಿಯಬೇಕು?

ಸಂದರ್ಶನಕ್ಕೆ ನನ್ನದೊಂದು ಸುಲಭದ ಪರೀಕ್ಷೆ ಇದೆ. ನಿಮ್ಮ ನಿಜವಾದ ಐದು ಸಪೋರ್ಟ್ ಟಿಕೆಟ್, ಸೇಲ್ಸ್‌ನವರ ಒಂದು ಬೇಡಿಕೆ, ಇಷ್ಟನ್ನು ಕೈಗೆ ಕೊಡಿ. ಅರ್ಧ ಗಂಟೆ ಬಿಡಿ. ತಕ್ಷಣ ಸ್ಕ್ರೀನ್ ಬಿಡಿಸಿ ಪರಿಹಾರ ಹೇಳಿದವರ ಬಗ್ಗೆ ಸ್ವಲ್ಪ ಹುಷಾರು. ‘ಈ ತೊಂದರೆ ಯಾರಿಗೆ ಆಗುತ್ತಿದೆ? ಈಗ ಅವರು ಹೇಗೆ ನಿಭಾಯಿಸುತ್ತಿದ್ದಾರೆ? ದಿನಕ್ಕೆ ಎಷ್ಟು ಸಲ?’ ಅಂತ ತಿರುಗಿ ಕೇಳಿದವರನ್ನು ಬಿಡಬೇಡಿ.

ನಿಮ್ಮ ಎಂಜಿನಿಯರ್‌ಗಳ ಅನುಮಾನ ಸರಿಯಾದದ್ದೇ. ‘ಪ್ರಾಡಕ್ಟ್‌ನವರು ಹೇಳಿದರು’ ಅಂತ ತಲೆತಗ್ಗಿಸಿ ಕೆಲಸ ಮಾಡುವ ತಂಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ: ಎಂಜಿನಿಯರ್‌ಗಳು ಯಾರೂ ಪ್ರಾಡಕ್ಟ್ ಮ್ಯಾನೇಜರ್‌ಗೆ ವರದಿ ಮಾಡುವುದಿಲ್ಲ, ಎಷ್ಟು ದಿನ ಬೇಕು ಎಂಬ ಅಂದಾಜನ್ನು ಎಂಜಿನಿಯರ್‌ಗಳೇ ಹೇಳುತ್ತಾರೆ. ಇದು ಹೊಸದೇನಲ್ಲ. 1980ರ ದಶಕದಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಮ್ಯಾಕಿಂಟೋಷ್‌ಗೆ ಎಕ್ಸೆಲ್ ಮಾಡುವಾಗ ಜೇಬ್ ಬ್ಲೂಮೆಂಥಾಲ್ ಎಂಬವರು ಇದನ್ನೇ ಹೋಲುವ ಪ್ರೋಗ್ರಾಂ ಮ್ಯಾನೇಜರ್ ಕೆಲಸಕ್ಕೆ ರೂಪ ಕೊಟ್ಟರು. ಅಲ್ಲಿಯೂ ಕೋಡ್ ಬರೆಯುವವರು ಪ್ರೋಗ್ರಾಂ ಮ್ಯಾನೇಜರ್ ಕೈಕೆಳಗೆ ಇರಲಿಲ್ಲ. ಮಾತಿನಲ್ಲಿ ಒಪ್ಪಿಸಬೇಕಿತ್ತು. ಒಪ್ಪಿಸಬೇಕಾದರೆ ಕಾರಣ ಬೇಕು, ಕಾರಣ ಬೇಕಾದರೆ ಬಳಸುವವರ ಹತ್ತಿರ ಹೋಗಬೇಕು. ಎಂಜಿನಿಯರ್‌ಗಳ ಮೇಲೆ ಅಧಿಕಾರ ಇಲ್ಲದಿರುವುದೇ ಈ ಕೆಲಸವನ್ನು ನೆಟ್ಟಗೆ ಇಡುತ್ತದೆ ಎಂಬುದು ನನ್ನ ನಂಬಿಕೆ.

ಬಳಸುವವರ ಹತ್ತಿರ ಹೋಗುವುದು ಅಂದೆ. ನಿಮ್ಮದೇ ಕ್ಷೇತ್ರದ ಉದಾಹರಣೆ ಕೊಡುತ್ತೇನೆ. ಗೋದಾಮಿನ ಒಬ್ಬ ಮೇಲ್ವಿಚಾರಕರು ‘ಎಕ್ಸೆಲ್‌ಗೆ ಇಳಿಸುವ ಬಟನ್ ಬೇಕು’ ಅಂತ ಕೇಳಿದರು ಅಂದುಕೊಳ್ಳಿ. ಎರಡು ದಿನದ ಕೆಲಸ, ಮಾಡಿಕೊಟ್ಟಿರಿ. ಮುಂದಿನ ತಿಂಗಳು ಇನ್ನೂ ನಾಲ್ಕು ಕಾಲಂ ಬೇಕು ಅಂತಾರೆ. ಆಮೇಲೆ ಅಕ್ಷರ ದೊಡ್ಡದಾಗಲಿ, ಆಮೇಲೆ ಸಾಲುಗಳು ಕಪಾಟಿನ ಕ್ರಮದಲ್ಲಿರಲಿ. ಒಂದು ದಿನ ಯಾರೋ ಗೋದಾಮಿಗೆ ಹೋಗಿ ನೋಡಿದರೆ, ಅವರು ಪ್ರತಿದಿನ ಸಂಜೆ ಆ ಹಾಳೆಯನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು ಕಪಾಟುಗಳ ನಡುವೆ ನಡೆಯುತ್ತಿದ್ದಾರೆ. ಯಾಕೆ? ಒಳಗಡೆ ನೆಟ್‌ವರ್ಕ್ ಸಿಗುವುದಿಲ್ಲ. ಅವರಿಗೆ ಬೇಕಿದ್ದದ್ದು ನೆಟ್‌ವರ್ಕ್ ಇಲ್ಲದೆಯೂ ಎಣಿಕೆ ಮಾಡುವ ವ್ಯವಸ್ಥೆ. ಅದನ್ನು ಅವರು ಯಾವತ್ತೂ ಕೇಳಲಿಲ್ಲ. ಅಂಥದ್ದೊಂದು ಆಗುತ್ತದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಬೇಡಿಕೆ ಬರೆದುಕೊಳ್ಳುವವರಿಗೂ ಪ್ರಾಡಕ್ಟ್ ಮ್ಯಾನೇಜರ್‌ಗೂ ಇರುವ ವ್ಯತ್ಯಾಸ ಆ ಗೋದಾಮಿನ ನಡಿಗೆ.

ಇಂಟ್ಯೂಟ್ ಕಂಪನಿಯ ಸ್ಕಾಟ್ ಕುಕ್ ತಮ್ಮವರನ್ನು ಮನೆಯ ಹಣದ ಲೆಕ್ಕ ಇಡುವ ಕ್ವಿಕನ್ ಸಾಫ್ಟ್‌ವೇರ್ ಕೊಂಡವರ ಮನೆಗೇ ಕಳಿಸುತ್ತಿದ್ದರು. ಕೂತು ನೋಡುವುದಷ್ಟೇ ಕೆಲಸ. ನೀವೂ ಹಾಗೆ ಮಾಡಿ. ಹೊಸ ಪ್ರಾಡಕ್ಟ್ ಮ್ಯಾನೇಜರ್ ಮೊದಲ ತಿಂಗಳು ರೋಡ್‌ಮ್ಯಾಪ್ ಮುಟ್ಟುವುದು ಬೇಡ. ಹತ್ತು ಗೋದಾಮು ಸುತ್ತಲಿ. ಪ್ರತಿ ಸಲವೂ ಒಬ್ಬ ಎಂಜಿನಿಯರ್ ಜೊತೆಗೆ ಹೋಗಲಿ. ತಾನು ಬರೆದ ಸ್ಕ್ರೀನ್‌ನಲ್ಲಿ ಒಬ್ಬರು ಐದು ನಿಮಿಷ ಬಟನ್ ಹುಡುಕುವುದನ್ನು ನೋಡಿ ಬಂದ ಎಂಜಿನಿಯರ್‌ಗೆ ಆಮೇಲೆ ಯಾವ ದಾಖಲೆಯನ್ನೂ ಓದಿಸಬೇಕಾಗಿಲ್ಲ. ‘ಇನ್ನೊಬ್ಬ ಬಾಸ್’ ಎಂಬ ಮಾತು ಕರಗುವುದೂ ಇಂಥ ಓಡಾಟದಲ್ಲೇ.

ಇನ್ನು ಸೇಲ್ಸ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ ನಿಮ್ಮದು ಅಂತ ಪ್ರಶ್ನೆಯಲ್ಲೇ ಕಾಣುತ್ತದೆ. ಆದರೆ ಸೇಲ್ಸ್‌ನವರನ್ನು ಖಳನಾಯಕರು ಮಾಡಬೇಡಿ. ಮಾರುಕಟ್ಟೆಯ ಸುದ್ದಿ ಮೊದಲು ಬೀಳುವುದು ಅವರ ಕಿವಿಗೆ. ಇನ್ನೂ ಇಲ್ಲದ ಫೀಚರ್‌ಗೆ ದಿನಾಂಕ ಹೇಳುವಂತಿಲ್ಲ ಎಂಬ ನಿಯಮವನ್ನು ಎಲ್ಲರೂ ಮಾಡುತ್ತಾರೆ. ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಸೇಲ್ಸ್‌ನವರು ಕೇಳಿದ ಪ್ರಶ್ನೆಗೆ ಎರಡು ದಿನದೊಳಗೆ ಸ್ಪಷ್ಟ ಉತ್ತರ ಸಿಗಬೇಕು. ಆಗುತ್ತದೆ, ಆಗುವುದಿಲ್ಲ, ಅಥವಾ ಇಂಥ ದಿನದೊಳಗೆ ಹೇಳುತ್ತೇವೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಕೊಟ್ಟರೆ ಅವರು ಮತ್ತೆ ಸಂಸ್ಥಾಪಕರ ಬಾಗಿಲು ತಟ್ಟುತ್ತಾರೆ. ತಟ್ಟಲೇಬೇಕು ಕೂಡ, ಅವರ ಗುರಿ ಕಾಯುವುದಿಲ್ಲವಲ್ಲ.

ಇನ್ನೊಂದು ಮಾತಿಗೆ ನನ್ನ ಕೆಲವು ಸ್ನೇಹಿತರು ಒಪ್ಪುವುದಿಲ್ಲ. ಒಬ್ಬಿಬ್ಬರು ಗ್ರಾಹಕರಿಗೆ ಕೊಟ್ಟ ಮಾತಿಗಾಗಿ ತಂಡದ ಸಮಯದ ಐದರಲ್ಲಿ ಒಂದು ಪಾಲನ್ನು ಬಹಿರಂಗವಾಗಿಯೇ ಎತ್ತಿಡಿ ಅನ್ನುತ್ತೇನೆ. ಅಂಥ ಕೆಲಸ ಮಾಡುವುದೇ ಇಲ್ಲ ಅಂತ ಶಪಥ ಮಾಡಿದ ಕಂಪನಿಗಳೂ ಕದ್ದುಮುಚ್ಚಿ ಮಾಡುತ್ತವೆ. ಪಾಲು ಇಷ್ಟೇ ಅಂತ ಗೊತ್ತಿದ್ದರೆ ಯಾವುದು ಮೊದಲು ಅಂತ ಸೇಲ್ಸ್‌ನವರೇ ತಮ್ಮೊಳಗೆ ಜಗಳ ಆಡಿಕೊಂಡು ಬರುತ್ತಾರೆ. ಆ ಜಗಳ ನಡೆಯಬೇಕಾದ ಜಾಗವೂ ಅದೇ.

ಪ್ರಾಡಕ್ಟ್ ಮ್ಯಾನೇಜರ್ ಬಂದ ಮೇಲೆ ತೀರ್ಮಾನಗಳೆಲ್ಲ ಸರಿಯಾಗುತ್ತವೆ ಎಂಬ ಭ್ರಮೆಯೂ ಬೇಡ. ಮೈಕ್ರೋಸಾಫ್ಟ್‌ನಲ್ಲಿ ಎ/ಬಿ ಪರೀಕ್ಷೆಗಳನ್ನು (ಕೆಲವು ಬಳಕೆದಾರರಿಗೆ ಹಳೆಯದು, ಕೆಲವರಿಗೆ ಹೊಸದು ತೋರಿಸಿ ಹೋಲಿಸುವುದು) ವರ್ಷಗಟ್ಟಲೆ ನಡೆಸಿದ ರಾನಿ ಕೊಹಾವಿ ಮತ್ತು ಅವರ ಜೊತೆಯವರು ಕಂಡುಕೊಂಡ ಒಂದು ಸಂಗತಿ ಇದೆ. ಯಾವ ಅಳತೆಯನ್ನು ಮೇಲೆತ್ತಲು ಒಂದು ಆಲೋಚನೆ ಹುಟ್ಟಿತ್ತೋ, ಆ ಅಳತೆ ನಿಜಕ್ಕೂ ಮೇಲೇರಿದ್ದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ಅಷ್ಟು ಬುದ್ಧಿವಂತರಿದ್ದ ಜಾಗದಲ್ಲೇ ಹೀಗೆ. ಆದ್ದರಿಂದ ಪ್ರತಿ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಒಂದೇ ಒಂದು ಪುಟ ಬರೆಯಿರಿ: ಯಾರ ಯಾವ ತೊಂದರೆ, ಇದಾದ ಮೇಲೆ ಏನು ಬದಲಾಗಬೇಕು, ಯಾವ ದಿನ ತಿರುಗಿ ನೋಡುತ್ತೇವೆ. ಅಮೆಜಾನ್‌ನಲ್ಲಿ ಕೆಲಸ ಶುರುವಾಗುವ ಮೊದಲೇ ಪತ್ರಿಕಾ ಪ್ರಕಟಣೆ ಬರೆಯುವ ರೂಢಿ ಇದೆ. ಅದೂ ಇದೇ ಜಾತಿಯದು. ಬರೆಯುವುದು ಸುಲಭ, ಆರು ವಾರದ ನಂತರ ಆ ಪುಟವನ್ನು ತೆಗೆದು ನೋಡುವುದು ಕಷ್ಟ. ಅಷ್ಟು ಹೊತ್ತಿಗೆ ಎಲ್ಲರೂ ಮುಂದಿನ ಕೆಲಸದಲ್ಲಿ ಮುಳುಗಿರುತ್ತಾರೆ. ನಿಮ್ಮ ಗ್ರಾಹಕರ ಸಂಖ್ಯೆಗೆ ಎ/ಬಿ ಪರೀಕ್ಷೆ ನಡೆಯುವುದು ಅನುಮಾನ. ಎಂಟು ಜನಕ್ಕೆ ಫೋನ್ ಮಾಡಿ ಕೇಳಿದರೆ ಸಾಕಾಗುತ್ತದೆ.

ಫೀಚರ್‌ಗಳಿಗೆ ಅಂಕ ಕೊಡುವ ಹಾಳೆಯನ್ನೂ ನಾನು ಒಮ್ಮೆ ತಂದಿದ್ದೆ. ಎರಡೇ ತಿಂಗಳಲ್ಲಿ ಎಲ್ಲರೂ ತಮ್ಮ ಬೇಡಿಕೆಗೆ ಹತ್ತಕ್ಕೆ ಒಂಬತ್ತು ಹಾಕುವುದನ್ನು ಕಲಿತರು. ನಾನೂ ಹಾಕಿದೆ.

ಉಳಿದದ್ದು ಬೇಗ ಹೇಳುತ್ತೇನೆ. ಯಾವ ಟೂಲ್? ಈಗ ಇರುವುದೇ ಸಾಕು. ಪ್ರಾಡಕ್ಟ್ ಓನರ್, ಪ್ರಾಡಕ್ಟ್ ಮ್ಯಾನೇಜರ್ ಬೇರೆ ಬೇರೆ ಬೇಕಾ? ಬೇಡ. ಓನರ್ ಎಂಬುದು ಸಣ್ಣ ಸಣ್ಣ ಕಂತುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ಒಂದು ಪಾತ್ರದ ಹೆಸರು, ಒಬ್ಬರೇ ನಿಭಾಯಿಸಬಹುದು. ಇಬ್ಬರಿಗೆ ಹಂಚಿದರೆ ಗ್ರಾಹಕರನ್ನು ಕಂಡವರು ಒಬ್ಬರು, ತಂಡಕ್ಕೆ ವಿವರಿಸುವವರು ಇನ್ನೊಬ್ಬರು ಆಗುತ್ತಾರೆ. ಎಷ್ಟು ಜನ? ಈಗ ಒಬ್ಬರು. ಅವರು ನೆಲೆ ಕಂಡ ಮೇಲೆ, ಆರೇಳು ತಿಂಗಳಿಗೆ, ಎರಡನೆಯವರು. 28 ಎಂಜಿನಿಯರ್‌ಗಳಿಗೆ ನಾಲ್ವರನ್ನು ಒಟ್ಟಿಗೆ ತಂದರೆ ಅವರಿಗೆ ಅವರವರ ನಡುವಿನ ಮೀಟಿಂಗೇ ಜಾಸ್ತಿ ಆಗುತ್ತದೆ. ಯಾರಿಗೆ ವರದಿ? ಸಂಸ್ಥಾಪಕರಿಗೆ. ನಿಮಗೂ ಅಲ್ಲ, ಸೇಲ್ಸ್‌ಗೂ ಅಲ್ಲ.

ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಆರು ತಿಂಗಳಿಗೆ ಒಮ್ಮೆ ಸುತ್ತ ಕಣ್ಣು ಹಾಯಿಸಿ. ‘ಅದು ಎಲ್ಲಿಗೆ ಬಂತು?’ ಅಂತ ಸಂಸ್ಥಾಪಕರು ಯಾರ ಹತ್ತಿರ ಹೋಗಿ ಕೇಳುತ್ತಿದ್ದಾರೆ? ಮಾಡದೆ ಬಿಟ್ಟ ಕೆಲಸಗಳ ಪಟ್ಟಿ, ಕಾರಣದ ಸಮೇತ, ಎಲ್ಲಾದರೂ ಇದೆಯಾ? ಯಾರೂ ಬಳಸದ ಒಂದಾದರೂ ಸ್ಕ್ರೀನ್ ತೆಗೆದು ಹಾಕಿದ್ದೀರಾ? ಪ್ರಾಡಕ್ಟ್ ಮ್ಯಾನೇಜರ್ ಇಡೀ ದಿನ ಎಂಜಿನಿಯರ್‌ಗಳಿಗೆ ಕೆಲಸದ ಚೀಟಿ ಬರೆಯುತ್ತಲೇ ಇದ್ದರೆ, ಗೋದಾಮಿಗೆ ಹೋಗಿ ಎರಡು ತಿಂಗಳಾಗಿದ್ದರೆ, ನಿಮ್ಮಲ್ಲಿರುವುದು ಹೊಸ ಹೆಸರಿನ ಹಳೆಯ ಗುಮಾಸ್ತಗಿರಿ.

ಒಂದು ವೇಳೆ ಆ ಹಾಳೆ ಮುಂದಿಟ್ಟಾಗ ಸಂಸ್ಥಾಪಕರಿಗೆ ಒಂದು ಸಾಲನ್ನೂ ಬಿಟ್ಟುಕೊಡಲು ಮನಸ್ಸು ಬರದಿದ್ದರೆ? ಅದೇನೂ ಪಾಪವಲ್ಲ. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿಯ ಸಹಸಂಸ್ಥಾಪಕ ಬ್ರಯಾನ್ ಚೆಸ್ಕಿ 2023ರಲ್ಲಿ ತಮ್ಮಲ್ಲಿ ಪ್ರಾಡಕ್ಟ್ ಮ್ಯಾನೇಜರ್‌ಗಳ ಹಳೆಯ ರೂಪವನ್ನು ಬದಲಿಸಿ, ಅದನ್ನು ಪ್ರಾಡಕ್ಟ್ ಮಾರ್ಕೆಟಿಂಗ್ ಜೊತೆ ಸೇರಿಸಿದ್ದಾಗಿ ಹೇಳಿದ್ದರು. ಅವರು ತಾವೇ ವಿವರಗಳಿಗೆ ಇಳಿದು ಕಂಪನಿ ನಡೆಸುವವರು. ನಿಮ್ಮವರೂ ಆ ಜಾತಿಯವರಿರಬಹುದು. ಹಾಗಿದ್ದರೆ ಪ್ರಾಡಕ್ಟ್ ಮ್ಯಾನೇಜರ್ ಅಂತ ಜಾಹೀರಾತು ಕೊಡಬೇಡಿ. ಸಂಸ್ಥಾಪಕರ ತೀರ್ಮಾನಗಳನ್ನು ಬರೆದಿಟ್ಟು, ಸೇಲ್ಸ್‌ಗೂ ಎಂಜಿನಿಯರಿಂಗ್‌ಗೂ ಸರಿಯಾಗಿ ತಲುಪಿಸುವ ಸಂಯೋಜಕರು ಬೇಕು ಅಂತಲೇ ಬರೆಯಿರಿ. ಅದನ್ನು ಇಷ್ಟಪಟ್ಟು ಮಾಡುವ ಒಳ್ಳೆಯ ಜನ ಸಿಗುತ್ತಾರೆ. ನನ್ನ ಹಾಗೆ ನಾಲ್ಕನೇ ತಿಂಗಳು ಸಿಟ್ಟು ಮಾಡಿಕೊಂಡು ಕೂರುವುದಿಲ್ಲ.